ಕೆನ್ನೆಯಲ್ಲಿ ಕವಳ, ಎದೆಯಲ್ಲಿ ಕೀವು

ಮನೆಗೆ ಕಾಯಿಲೆ ಬಂದಾಗಲೆಲ್ಲ ಹಿಂದೆಯೇ ಒಂದೆರಡು ನಗುವ ಪ್ರಸಂಗಗಳೂ ಬರುತ್ತವೆ. ನಗಲು ಪಕ್ಕದಲ್ಲಿ ಯಾರಾದರೂ ಇರಬೇಕು, ಅಷ್ಟೆ.

ಎಪ್ಪತ್ತರ ದಶಕದ ಮಾತು. ಬಿ.ಎ. ಮುಗಿಸಿ, ಮದುವೆಯಾಗಿ ಹೊಸನಗರದ ಮನೆ ಸೇರಿದವಳು ನಾನು. ಯಜಮಾನರ ಬಾಯಲ್ಲಿ ಸದಾ ಎಲೆಅಡಿಕೆಯ ಕವಳ. ಏನು ಕೇಳಿದರೂ ತುಂಬಿದ ಬಾಯಿಂದ "ಹೂಂ" ಅಷ್ಟೇ. ಆ ಮಳೆಗಾಲ ಅವರಿಗೆ ನ್ಯುಮೋನಿಯಾ ಆಯಿತು. ಜ್ವರ, ಗುಳಿಗೆ, ಗಂಜಿ ಎಲ್ಲವನ್ನೂ ಗಂಟೆ ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟೆ.

೧. ಉಳಿದ ಗುಳಿಗೆ

ಜ್ವರ ಇಳಿದದ್ದೇ ಇವರು ಗುಳಿಗೆ ಬಿಟ್ಟರು. ಉಳಿದದ್ದು ಬೇಲಿಯಾಚೆ ಮನೆಯಾಕೆಯ ಕೆಮ್ಮಿಗೆ ದಾನವಾಗಿತ್ತು. ಆಕೆಯೇ ಬೇಲಿ ಹತ್ತಿರ ಬಂದು ಹೇಳಿದಳು:

"ಒಳ್ಳೆ ಗುಳಿಗೆ ಅಕ್ಕ. ನಂಗೆ ಅರ್ಧದಲ್ಲೇ ಗುಣ ಆಯ್ತು. ಮಿಕ್ಕಿದ್ದು ನಮ್ಮ ಕೋಣಕ್ಕೆ ಕೊಟ್ಟೆ."

"ಕೋಣ ಹ್ಯಾಂಗಿದೆ?"

"ಗಟ್ಟಿಯಾಗಿದೆ!"

ಗುಣವಾಗದೆ ಉಳಿದದ್ದು ನಮ್ಮವರೊಬ್ಬರೇ.

೨. ಡಾಕ್ಟರ ಪ್ರಶ್ನೆ

ಜ್ವರ ಮರಳಿತು, ಕಫ ನಾರತೊಡಗಿತು. ಸಾಗರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಶ್ವಾಸಕೋಶದಲ್ಲಿ ಕೀವು.

"ನ್ಯುಮೋನಿಯಾ ಸುಮಾರು ಜನಕ್ಕೆ ಬರ್ತದೆ ಅಮ್ಮ. ಹೀಗೆ ಕೀವು ಕಟ್ಟೋದು ಅಪರೂಪ. ಜೀವದ ಪ್ರಶ್ನೆ, ನಿಜ ಹೇಳಿ. ಕುಡಿತ?"

"ಹಬ್ಬಕ್ಕೆ."

"ಸಕ್ಕರೆ ಕಾಯಿಲೆ?"

"ಇದೆ."

"ಹಲ್ಲು?"

ಇವರು ಬಾಯಿ ತೆರೆದರು. ಡಾಕ್ಟರು ಕುರ್ಚಿ ಹಿಂದೆ ಸರಿಸಿದರು.

"ಮಲಗುವಾಗ ಬಾಯಲ್ಲಿ ಏನಾದ್ರೂ ಇರ್ತದಾ?"

"ಕವಳ. ಕೆನ್ನೆಗಿಟ್ಟುಕೊಂಡೇ ನಿದ್ದೆ."

"ಅಯ್ಯೋ, ನಿದ್ದೇಲಿ ಅದು ಎದೆಗಿಳೀತದೆ! ಗುಳಿಗೆಯಾದ್ರೂ ಪೂರ್ತಿ ತಗೊಂಡ್ರಾ?"

"ಇಲ್ಲ. ಕೋಣ ತಗೊಂಡಿತು."

ಡಾಕ್ಟರು ಪೆನ್ನು ಕೆಳಗಿಟ್ಟರು.

೩. ಮಂಚದ ಕೆಳಗೆ

ಕೀವು ಹೊರಬರಲು ತಲೆಯನ್ನು ಆಸ್ಪತ್ರೆಯ ಮಂಚದಿಂದ ಕೆಳಗೆ ಇಳಿಬಿಟ್ಟು ಮಲಗಬೇಕು. ಆ ಹೊತ್ತಿಗೇ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ನನ್ನ ತಮ್ಮ ನೆಂಟರ ಸಮೇತ ಬಂದ.

"ಎಂತ ಬಿತ್ತು ಭಾವ? ಉಂಗುರವಾ?" ಎಂದು ತಾನೂ ಬಗ್ಗಿದ. ನೆಂಟರೆಲ್ಲ ಬಗ್ಗಿ ಮಂಚದಡಿ ತಡಕಿದರು.

"ಉಂಗುರ ಅಲ್ಲ, ಕೀವು" ಎಂದೆ.

ತೀರ್ಥಹಳ್ಳಿ ಬಸ್ಸಿಗೆ ಇನ್ನೂ ಹೊತ್ತಿದ್ದರೂ ಎಲ್ಲರೂ ಎದ್ದರು. ಆಮೇಲೆ ಯಾರೂ ಬರಲಿಲ್ಲ. ಉಂಗುರವಾಗಿದ್ದರೆ ಇನ್ನೂ ಹುಡುಕುತ್ತಿದ್ದರೇನೋ!

ಉಳಿದದ್ದು ನಾನು, ತಲೆಕೆಳಗಾದ ಇವರು. ಬದುಕಿಬರಲಿ, ಒಂದು ದಿನ ನನ್ನ ಜೊತೆ ಕೂತು ಮಾತಾಡಲಿ ಎಂದು ಹರಕೆ ಹೊತ್ತೆ.

೪. ಖಾಲಿ ಬಾಯಿ

ಇಂಜೆಕ್ಷನ್ನುಗಳ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ಇವರು ಬದುಕಿದರು. ಕವಳ ಬಂದ್ ಎಂದು ಡಾಕ್ಟರ ಆಜ್ಞೆಯಾಯಿತು. ಮನೆಗೆ ಬಂದ ಸಂಜೆ ಜಗುಲಿಯಲ್ಲಿ ಕಾಫಿ ಕೊಟ್ಟು ಪಕ್ಕದಲ್ಲೇ ಕೂತೆ.

"ಬಾಯಿ ಈಗ ಖಾಲಿ ಇದೆಯಲ್ಲ, ಏನಾದ್ರೂ ಮಾತಾಡಿ."

ನನ್ನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು. ಕಾಫಿ ಆರುವವರೆಗೂ ಯೋಚಿಸಿದರು.

"ಎಂತ ಮಾತಾಡೋದು ಮಾರಾಯ್ತಿ? ಒಂದು ಕವಳ ಇದ್ದಿದ್ರೆ ಏನಾದ್ರೂ ಹೊಳೀತಿತ್ತು."