ನಲವತ್ತಮೂರು ಇಂಚಿನಲ್ಲಿ ನನ್ನ ಉಪವಾಸ

ನಮ್ಮ ಹಾಲಿಗೆ ಗೋಡೆಗಳು ನಾಲ್ಕು. ಒಂದನ್ನು ಕಿಟಕಿ ತಿಂದಿದೆ, ಒಂದನ್ನು ಅಡುಗೆಮನೆಯ ಬಾಗಿಲು, ಇನ್ನೊಂದನ್ನು ಬಚ್ಚಲಿನ ಬಾಗಿಲು. ಉಳಿದ ನಾಲ್ಕನೆಯದು ನನ್ನದು. ಸನತ್‌ನಗರದ ಎರಡನೇ ಮಹಡಿಯ ಈ ಗೂಡಿನಲ್ಲಿ ಒಬ್ಬ ಗಂಡಸಿಗೆ ಸ್ವಂತದ ಹತ್ತಡಿ ಗೋಡೆ ಇರುವುದೆಂದರೆ ಸಾಮ್ರಾಜ್ಯ ಇದ್ದಂತೆ.

ಆ ಗೋಡೆಯ ಮೇಲೆ, ಕೈಗೆ ಎಟುಕದಷ್ಟು ಎತ್ತರದಲ್ಲಿ, ಒಂದು ಫೋಟೋ ಇತ್ತು. (ಇತ್ತು ಎಂದದ್ದನ್ನು ಗಮನಿಸಿ.) ೧೯೯೬ರಲ್ಲಿ ನಮ್ಮ ಪಂಪು ಕಾರ್ಖಾನೆಯ ಗೇಟಿನ ಮುಂದೆ ನಡೆದ ಆಮರಣ ಉಪವಾಸದ ಫೋಟೋ. ಕ್ಯಾಂಟೀನಿನ ಸಾರಿನಲ್ಲಿ ಬೇಳೆ ಇರಬೇಕು ಎಂಬುದು ನಮ್ಮ ಬೇಡಿಕೆ. ಮೂರನೆಯ ದಿನ ಮ್ಯಾನೇಜ್‌ಮೆಂಟು ಮಂಡಿಯೂರಿತು, ಬೇಳೆ ಬಂತು. ಫೋಟೋದ ನಡುವೆ ಕಾಮ್ರೇಡ್ ಸೂಗಪ್ಪ, ಅಂದರೆ ನಾನು. ಬಲಗೈ ಮುಷ್ಟಿ ಆಕಾಶಕ್ಕೆ, ಎಡಗೈ ಬ್ಯಾನರಿನ ಮರೆಗೆ, ಘೋಷಣೆಯ ಆವೇಶಕ್ಕೆ ಉಬ್ಬಿದ ಕೆನ್ನೆ. ಪಕ್ಕದಲ್ಲಿ ಬಾವುಟ ಹಿಡಿದ ಗೆಳೆಯ ಕಲ್ಲೇಶ. ಮನೆಗೆ ಬಂದವರಿಗೆಲ್ಲ ನಾನು ಆ ಮೂರು ದಿನಗಳ ಕಥೆ ಹೇಳುತ್ತಿದ್ದೆ. ನಾನು ಅನ್ನದ ಅಗುಳು ಮುಟ್ಟದೆ ಕೂತಾಗ, ಮದುವೆಯಾಗಿ ಎಂಟೇ ತಿಂಗಳಾಗಿದ್ದ ನನ್ನ ಹೆಂಡತಿ ಗುರುಬಾಯಿಯೂ ಮನೆಯಲ್ಲಿ ಬರೀ ನೀರು ಕುಡಿದು ಮೂರು ದಿನ ಕಳೆದಿದ್ದಳು. ‘ಗಂಡ ಉಣ್ಣಲಾರದ ನಾ ಹೆಂಗ ಉಣ್ಣಲಿ’ ಎಂದಿದ್ದಳಂತೆ ನೆರೆಯವರಿಗೆ. ಕಥೆಯ ಈ ಭಾಗಕ್ಕೆ ಬಂದಾಗ ನಾನು ದನಿ ತಗ್ಗಿಸುತ್ತಿದ್ದೆ, ಬಂದವರ ಕಣ್ಣು ಗಡಿಯಾರದ ಕಡೆ ತಿರುಗುತ್ತಿತ್ತು.

ಇಂಥ ಗೋಡೆಯ ಮೇಲೆ ಕಣ್ಣು ಹಾಕಿದವಳು ಹೊರಗಿನವಳಲ್ಲ, ನನ್ನ ಮಗಳು ಪಿಂಕಿ. ತಾರ್ನಾಕದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುತ್ತಾಳೆ, ಮನೆಗೆ ಬಂದು ನಮ್ಮ ರಕ್ತ ಹೀರುತ್ತಾಳೆ. ಜೊತೆಯವರೊಬ್ಬರು ಮಾರಿದ ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ತಂದು ನಮ್ಮ ಹದಿನಾಲ್ಕು ವರ್ಷದ ಟೀವಿಗೆ ಸಿಕ್ಕಿಸಿದಳು. ಅವಳು ಆಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆಡತೊಡಗಿದವಳು ಗುರುಬಾಯಿ. ಸ್ಕೂಟರಿನ ಹಿಂದೆ ಕೂತರೆ ನನ್ನ ಅಂಗಿ ಹರಿಯುವಷ್ಟು ಬಿಗಿಯಾಗಿ ಹಿಡಿದು ಶರಣು ಶರಣು ಎನ್ನುವ ಹೆಂಗಸು, ಟೀವಿಯಲ್ಲಿ ಕೆಂಪು ಕಾರನ್ನು ಗಂಟೆಗೆ ಮುನ್ನೂರು ಕಿಲೋಮೀಟರಿನಂತೆ ಓಡಿಸುತ್ತಿದ್ದಳು. ಓಡಿಸಿ ಗುದ್ದುತ್ತಿದ್ದಳು. ಗುದ್ದಿದ ತಪ್ಪು ಟೀವಿಯದು.

“ನಾ ಬಟನ್ ಒತ್ತತೀನಿ. ಕಾರು ಕುಂತು ವಿಚಾರ ಮಾಡಿ ಆಮ್ಯಾಲ ತಿರುಗತೈತಿ. ಅಷ್ಟೊತ್ತಿಗೆ ಗ್ವಾಡಿಗೆ ಬಡದಿರತೈತಿ,” ಎಂದು ಅವಳ ದೂರು.

ಇದಕ್ಕೆ ಲ್ಯಾಗ್ ಎನ್ನುತ್ತಾರೆ, ಗುಂಡಿ ಒತ್ತುವುದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ನಡುವೆ ಆಗುವ ತಡ, ಹೊಸ ಟೀವಿಗಳಲ್ಲಿ ಗೇಮ್ ಮೋಡ್ ಇರುತ್ತದೆ, ಈ ತಡ ಇರುವುದಿಲ್ಲ ಎಂದು ಪಿಂಕಿ ಉಪನ್ಯಾಸ ಕೊಟ್ಟಳು. ತಡ ಎಷ್ಟು ಎಂದು ಕೇಳಿದೆ. ಸೆಕೆಂಡಿನ ಏಳನೆಯ ಒಂದು ಪಾಲು ಎಂದಳು. ಬೇಳೆ ಕೇಳಿ ಬರೆದ ಪತ್ರಕ್ಕೆ ಮ್ಯಾನೇಜ್‌ಮೆಂಟಿನಿಂದ ಉತ್ತರ ಬರಲು ಹನ್ನೊಂದು ತಿಂಗಳು ಕಾದವನು ನಾನು. ಇವರಿಗೆ ಸೆಕೆಂಡಿನ ಏಳನೆಯ ಪಾಲು ಕಾಯಲಾಗದು.

ಆದರೂ ನಾನು ಪ್ರಜಾಪ್ರಭುತ್ವವಾದಿ. ನಮ್ಮ ಮನೆಯಲ್ಲಿ ಮಿಕ್ಸರ್ ಕೂಡ ಸಮಿತಿಯ ತೀರ್ಮಾನವಿಲ್ಲದೆ ಬಂದಿಲ್ಲ. ರಿಜಿಸ್ಟರ್ ತೆಗೆದು ಟೀವಿ ಆಯ್ಕೆ ಸಮಿತಿ ರಚಿಸಿದೆ. ಸದಸ್ಯರು ಮೂವರು, ಅಧ್ಯಕ್ಷ ನಾನು. ನಿಯಮಾವಳಿ ನಮ್ಮ ಯೂನಿಯನ್ನಿನದೇ. ನನ್ನ ಕೈಯಾರೆ ಬರೆದದ್ದು. ನನ್ನ ಪ್ರಸ್ತಾವ ಮೂವತ್ತೆರಡು ಇಂಚು. ಅದಾದರೆ ಫೋಟೋದ ಕೆಳಗೆ ಮರ್ಯಾದೆಯಿಂದ ಕೂರುತ್ತದೆ. ಪಿಂಕಿಯದು ನಲವತ್ತಮೂರು, ಅದೂ ಫೋರ್-ಕೆ. ಸೋಫಾದಿಂದ ಗೋಡೆಗೆ ಆರೇ ಅಡಿ ಇರುವುದರಿಂದ ಅದಕ್ಕಿಂತ ದೊಡ್ಡದು ಕಣ್ಣಿಗೆ ಬಡಿಯುತ್ತದೆ, ಚಿಕ್ಕದರಲ್ಲಿ ಫೋರ್-ಕೆ ಸಿಗುವುದಿಲ್ಲ ಎಂದು ಅವಳ ವಾದ. ಆ ಗಾತ್ರದ್ದು ಬಂದರೆ ಫೋಟೋ ಇಳಿಯಲೇಬೇಕು. ಅಷ್ಟು ಸ್ಪಷ್ಟವಾಗಿ ಕಂಡು ಆಗಬೇಕಾದ್ದೇನು, ಅರೆಬರೆ ಕಂಡದ್ದರಿಂದಲೇ ಸಂಸಾರಗಳು ನಡೆಯುತ್ತಿವೆ ಎಂದು ನಾನು ಭಾಷಣ ಮಾಡಿದೆ. (ಈ ಮಾತನ್ನೂ ಗಮನಿಸಿ.) ತೀರ್ಮಾನ ಅಂಗಡಿಯಲ್ಲೇ ಆಗಲಿ ಎಂದು ಸಭೆಯನ್ನು ಮುಂದೂಡಿದೆವು.

ಭಾನುವಾರ ರಿಜಿಸ್ಟರ್ ಸಮೇತ ಬಸ್ಸು ಹತ್ತಿ ಮೆಹದಿಪಟ್ಟಣಂಗೆ ಹೋದೆವು. ಅಂಗಡಿಯ ಹುಡುಗ ಹೇಮಂತ ನಗುನಗುತ್ತಾ ಬಂದ. ನಲವತ್ತಮೂರರ ಮುಂದೆ ನಿಲ್ಲಿಸಿ, ಇದರಲ್ಲಿ ಮನುಷ್ಯನ ತಲೆಗೂದಲನ್ನೂ ಎಣಿಸಬಹುದು ಎಂದು ತೆಲುಗಿನಲ್ಲಿ ಹೇಳಿ, ನನ್ನ ತಲೆ ನೋಡಿ ನಾಲಿಗೆ ಕಚ್ಚಿಕೊಂಡ. ನಾನು ಜೇಬಿನಿಂದ ಏಳು ಅಂಶಗಳ ಬೇಡಿಕೆ ಪಟ್ಟಿ ತೆಗೆದು ಓದಿದೆ. ಮೂರು ವರ್ಷದ ಗ್ಯಾರಂಟಿ, ಹಳೆಯ ಟೀವಿಗೆ ಗೌರವಯುತ ಬೆಲೆ, ಗೋಡೆಯ ಸ್ಟ್ಯಾಂಡು ಬಿಟ್ಟಿ, ಹೀಗೆ. ಮಾತು ಮುರಿದುಬೀಳಲಿ ಎಂಬುದೇ ನನ್ನ ಒಳ ಆಸೆ. ಆದರೆ ಹುಡುಗ ಒಂದೊಂದಕ್ಕೂ “ಪರ್ವಾಲೇದು ಸಾರ್” ಎನ್ನುತ್ತಾ ಐದಕ್ಕೆ ಒಪ್ಪಿಬಿಟ್ಟ. ಸ್ಟ್ಯಾಂಡು ಮತ್ತು ಹಳೆಯ ಟೀವಿಯ ಬೆಲೆಗೆ ಮಾತ್ರ ಆಗದು ಎಂದು ತಲೆಯಾಡಿಸಿದ.

ಏಳರಲ್ಲಿ ಐದಕ್ಕೆ ಒಪ್ಪಿದ ಎದುರಾಳಿಯನ್ನು ಏನು ಮಾಡಬೇಕೆಂದು ಮೂವತ್ತು ವರ್ಷದ ಚಳವಳಿ ನನಗೆ ಕಲಿಸಿದೆ. ಎದ್ದು ಹೊರಡಬೇಕು. ಹನ್ನೊಂದು ನಿಮಿಷದಲ್ಲಿ ಎದುರಾಳಿಯ ಗುಮಾಸ್ತ ಕರೆಯಲು ಓಡಿ ಬರುತ್ತಾನೆ. ಒಮ್ಮೆಯೂ ತಪ್ಪಿಲ್ಲ. ಪಟ್ಟಿಯನ್ನು ಫ್ರಿಜ್ಜೊಂದರ ಮೇಲೆ ಬಡಿದು, ಮಾತುಕತೆ ಮುರಿದಿದೆ ಎಂದು ಘೋಷಿಸಿ, ಸಭಾತ್ಯಾಗ ಮಾಡಿದೆ. ಹೆಂಡತಿ ಮಗಳು ಹಿಂದೆ ಬರುತ್ತಾರೆಂದು ತಿರುಗಿ ನೋಡಲಿಲ್ಲ. ನಾಯಕನಾದವನು ತಿರುಗಿ ನೋಡಬಾರದು.

ಎದುರಿನ ಇರಾನಿ ಹೋಟೆಲಿನಲ್ಲಿ ಕೂತೆ. ಹನ್ನೊಂದು ನಿಮಿಷವಾಯಿತು. ಇಪ್ಪತ್ತಾಯಿತು. ಮೂರನೇ ಚಹಾ ಮುಗಿದಾಗ ಹೋಟೆಲಿನವನು, “ಚಾಚಾ, ಕಿಸೀಕಾ ಇಂತೆಜಾರ್ ಹೈ ಕ್ಯಾ?” ಎಂದು, ನಾನು ಯಾರಿಗೋ ಕಾದು ಕೂತವನೆಂಬ ಕನಿಕರದಿಂದ ಕೇಳಿದ. ಐವತ್ತನೆಯ ನಿಮಿಷಕ್ಕೆ ಗುಮಾಸ್ತ ಬರಲಿಲ್ಲ, ಆಟೋ ಬಂತು. ಒಳಗೆ ಗುರುಬಾಯಿ, ಪಿಂಕಿ, ಮತ್ತು ಅವರಿಬ್ಬರಿಗಿಂತ ಹೆಚ್ಚು ಜಾಗ ಹಿಡಿದ ಒಂದು ಡಬ್ಬ.

ಅಧ್ಯಕ್ಷನಿಲ್ಲದೆ ತೀರ್ಮಾನ ಹೇಗಾಯಿತು ಎಂದು ಗುಡುಗಿದೆ. ಪಿಂಕಿ ರಿಜಿಸ್ಟರ್ ತೆರೆದಳು. “ಆರನೇ ನಿಯಮ ಅಪ್ಪಾ. ಸಭಾತ್ಯಾಗ ಮಾಡಿದವರ ಮತ ರದ್ದು, ಹಾಜರಿದ್ದವರ ತೀರ್ಮಾನವೇ ಅಂತಿಮ. ನಿನ್ನ ಅಕ್ಷರನ ಐತಿ.”

ಐತಿ, ನಿಜ. ತೊಂಬತ್ತೆಂಟರಲ್ಲಿ ಯೂನಿಯನ್ನಿನೊಳಗೆ ನನಗೆ ಎದುರುಬಿದ್ದ ಚಂದ್ರಕಾಂತನ ಗುಂಪನ್ನು ಮುಗಿಸಲು ನಾನೇ ಹೆಣೆದ ನಿಯಮ. ಪಾಪ, ಚಂದ್ರಕಾಂತನಿಗೆ ಅಂದು ಹೇಗನ್ನಿಸಿತ್ತೋ ಎಂದು ಮೊದಲ ಬಾರಿಗೆ ಯೋಚಿಸಿದೆ.

“ಸ್ಟ್ಯಾಂಡೂ ಬಿಟ್ಟಿ ಕೊಟ್ಟಾನ್ರಿ,” ಎಂದಳು ಗುರುಬಾಯಿ. “ನಾ ಏನೂ ಕೇಳಲಿಲ್ಲ. ನೀವು ಹೊರಗ ಹೋದ ಕೂಡ್ಲೆ ನನ್ನ ಮಾರಿ ನೋಡಿ, ಅಮ್ಮಾ ಇದೊಂದು ನನ್ನ ಕಡೆಯಿಂದ ಇಟ್ಕೋರಿ ಅಂದ.”

ಮರುದಿನ ಫೋಟೋ ಇಳಿಯಿತು, ಟೀವಿ ಏರಿತು. ನಾನು ಊಟ ಮಾಡಿದೆನಾದರೂ ಮುಖ ಊದಿಸಿಕೊಂಡೇ ಮಾಡಿದೆ. ಮಗಳಿಗೆ ಕರುಳು ಚುರುಕ್ ಎಂದಿರಬೇಕು. ಲ್ಯಾಬಿನ ಪಕ್ಕದ ಅಂಗಡಿಗೆ ಫೋಟೋ ಒಯ್ದು, ಸ್ಕ್ಯಾನ್ ಮಾಡಿಸಿ ತಂದಳು. “ಆಟ ಆಡಲಾರದಾಗ ಟೀವಿ ತುಂಬ ನೀನ ಇರತೀ ಅಪ್ಪಾ,” ಎಂದು ಗುಂಡಿ ಒತ್ತಿದಳು.

ನಾನು ಬಂದೆ. ನಲವತ್ತಮೂರು ಇಂಚು ತುಂಬ ಬಂದೆ. ಮುಷ್ಟಿ ಕುಂಬಳಕಾಯಿಯಷ್ಟು. ನನಗೆ ಕಣ್ಣೀರೇ ಬಂತು. ಹಾಳಾದ್ದು, ಇದನ್ನು ಮೊದಲೇ ಹೇಳಿದ್ದರೆ ಐವತ್ತೈದು ಇಂಚಿನದಕ್ಕೇ ಮತ ಹಾಕುತ್ತಿದ್ದೆ ಎಂದುಕೊಳ್ಳುವಷ್ಟರಲ್ಲಿ ಗುರುಬಾಯಿ ಎದ್ದು ಪರದೆಯ ಹತ್ತಿರ ಹೋದಳು. ಸೆರಗಿನಿಂದ ಒಂದು ಮೂಲೆ ಒರೆಸಿದಳು. ಅಲ್ಲಿದ್ದ ಕಲೆ ಹೋಗಲಿಲ್ಲ.

“ಪಿಂಕಿ, ಇದನ್ನ ದೊಡ್ಡದು ಮಾಡವಾ.”

ದೊಡ್ಡದಾಯಿತು. ಬ್ಯಾನರಿನ ಮರೆಯಲ್ಲಿದ್ದ ನನ್ನ ಎಡಗೈ ಅಷ್ಟೇನೂ ಮರೆಯಲ್ಲಿರಲಿಲ್ಲ. ಕೈಯಲ್ಲಿ ಪೇಪರಿನ ಪೊಟ್ಟಣ. ಪೊಟ್ಟಣದಲ್ಲಿ ಅರ್ಧ ಕಚ್ಚಿದ ಮಿರ್ಚಿ ಬಜ್ಜಿ, ತೊಟ್ಟಿನ ಸಮೇತ.

ಅದು ವಿರೋಧಿಗಳ ಕರಪತ್ರ ಇರಬೇಕು ಎಂದೆ. ಗುರುಬಾಯಿಯ ಬೆರಳು ಮೆಲ್ಲಗೆ ನನ್ನ ಉಬ್ಬಿದ ಕೆನ್ನೆಯ ಮೇಲೆ ಬಂದು ನಿಂತಿತು.

“ಬಾಯಿ ಮುಚ್ಚಿಕೊಂಡು ಯಾರು ಘೋಷಣಾ ಕೂಗತಾರ್ರಿ?”

ಇಪ್ಪತ್ತೊಂಬತ್ತು ವರ್ಷ ಆ ಫೋಟೋ ಗೋಡೆಯ ಮೇಲಿತ್ತು. ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ, ನನಗೂ.

“ಮೂರು ದಿನಾ,” ಎಂದಳು. ದನಿ ಏರಿರಲಿಲ್ಲ, ಅದೇ ಭಯ. “ಹೊಸಾ ಸೊಸಿ. ಬಾಜೂಕಿನವರು ರೊಟ್ಟಿ ತಂದು ಕೊಟ್ಟರ ವಾಪಸ್ ಕಳಸಿದೆ. ಎರಡನೇ ದಿನ ನಳದ ಮುಂದ ಚಕ್ಕರ್ ಬಂದು ಬಿದ್ದೆ. ನೀವು ಬಜ್ಜಿ ತಿನ್ನಾಕತ್ತಿದ್ದಿರಿ.”

ಒಂದೇ ಒಂದು ಎಂದೆ. ಅದು ಇನ್ನಷ್ಟು ದೊಡ್ಡ ತಪ್ಪಾಯಿತು. ಪಿಂಕಿ ಪೊಟ್ಟಣವನ್ನು ಮತ್ತಷ್ಟು ಹಿಗ್ಗಿಸಿ, ಕೆಳಗೆ ಇನ್ನೂ ನಾಲ್ಕು ತೊಟ್ಟು ಬಿದ್ದಿವೆ ಎಂದು ಎಣಿಸಿ ಹೇಳಿದಳು.

ಸಮಿತಿ ಸೇರಿತು. ಬಾಕಿ ಉಳಿದ ಉಪವಾಸವನ್ನು ಕಾಮ್ರೇಡ್ ಸೂಗಪ್ಪ ಈಗ ಪೂರೈಸತಕ್ಕದ್ದು, ಸ್ಥಳ ಟೀವಿಯ ಕೆಳಗೆ, ಅವಧಿ ಮೂರು ದಿನ ಎಂದು ಎರಡು ಮತಗಳಿಂದ ತೀರ್ಮಾನವಾಯಿತು. ಸಭಾತ್ಯಾಗ ಮಾಡುವ ಧೈರ್ಯ ನನಗಿರಲಿಲ್ಲ.

ಇಂದು ಎರಡನೆಯ ದಿನ. ಇದನ್ನು ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಕಲ್ಲೇಶ ನೋಡಲು ಬಂದಿದ್ದ, ಅಂಗಿಯೊಳಗೆ ಬಿಸಿ ಪೊಟ್ಟಣ ಇಟ್ಟುಕೊಂಡು. ನಿಷ್ಠೆ ಎಂದರೆ ಅದು. ಗುರುಬಾಯಿ ಬಾಗಿಲಲ್ಲೇ ಕೈಚಾಚಿದಳು. “ಕೊಡ್ರಿ ಕಲ್ಲೇಶಣ್ಣ. ಫೋಟೋದಾಗ ನಿಮ್ಮ ಕೈಯಾಗೂ ಬಜ್ಜಿ ಕಾಣಾಕತ್ತೈತಿ.” ಕಲ್ಲೇಶ ಕೊಟ್ಟು, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದ.

ಈಗ ತಾಯಿ ಮಗಳು ಸೋಫಾದ ಮೇಲೆ ಬಜ್ಜಿ ತಿನ್ನುತ್ತಾ ಆಡುತ್ತಿದ್ದಾರೆ. ಕೆಂಪು ಕಾರು ಗೋಡೆಗೆ ಬಡಿಯುವುದನ್ನು ನಿಲ್ಲಿಸಿದೆ. ಟೀವಿಯಲ್ಲಿ ಖರೇನೇ ಲ್ಯಾಗ್ ಇಲ್ಲ. ವಾಸನೆ ಆರಡಿ ದೂರದಿಂದ ನೇರವಾಗಿ ನನ್ನ ಮೂಗಿಗೆ ಬರುತ್ತಿದೆ, ಅದರಲ್ಲೂ ಲ್ಯಾಗ್ ಇಲ್ಲ. ತಡೆಯಲಾರದೆ, ಮುಷ್ಟಿ ಎತ್ತಿ, ದಬ್ಬಾಳಿಕೆಗೆ ಧಿಕ್ಕಾರ ಎಂದು ಕೂಗಿದೆ.

“ಹಾಂ,” ಎಂದಳು ಗುರುಬಾಯಿ, ಪರದೆಯಿಂದ ಕಣ್ಣು ಕೀಳದೆ. “ಹಿಂಗ ತೆರದಿರಬೇಕು ನೋಡ್ರಿ ಬಾಯಿ.”