ಹೋಳಿಗೆ ಕಂಡರೆ ಬರುವ ಸಕ್ಕರೆ ಕಾಯಿಲೆ ಕುರಿತು

ಸಂಖ್ಯೆ: ಸಿಬ್ಬಂದಿ/ಉಪವಾಸ/11/2025-26
ಗೋಕಾಕ, ದಿನಾಂಕ: 28-11-2025

ಸುತ್ತೋಲೆ

ವಿಷಯ: ಸಿಬ್ಬಂದಿಯು ಬಾಯಿಮಾತಿನಲ್ಲಿ ಕಾಯಿಲೆ ಘೋಷಿಸಿಕೊಳ್ಳುವುದನ್ನು ನಿರ್ಬಂಧಿಸುವ ಬಗ್ಗೆ.

ಉಲ್ಲೇಖ: ಸಿಬ್ಬಂದಿ ಶಾಖೆಯ ದ್ವಿತೀಯ ದರ್ಜೆ ಸಹಾಯಕಿ ಕು. ನಂದಿನಿ ಇವರ ಟಿಪ್ಪಣಿ.

ಮೇಲವಂಕಿಯ ಕು. ನಂದಿನಿ ಇವರು ತಮ್ಮ ನೌಕರಿ ಕಾಯಂ ಆದ ಸಂತೋಷಕ್ಕೆ, ತಾಯಿ ಉದ್ದವ್ವ ಮಾಡಿಕೊಟ್ಟ ಶೇಂಗಾ ಹೋಳಿಗೆಯನ್ನು ದಿನಾಂಕ 19ರ ಬುಧವಾರ ಬೆಳಿಗ್ಗೆ ಕಚೇರಿಗೆ ತಂದಿರುತ್ತಾರೆ. ಸದರಿಯವರು ದಲಿತರ ಓಣಿಯವರೆಂಬುದನ್ನು ಅದೇ ಶಾಖೆಯ ಶೈಲಾ ಮೇಡಂ ಮೊದಲ ವಾರದಲ್ಲೇ ವಿಚಾರಿಸಿ ಎಲ್ಲರಿಗೂ ತಿಳಿಸಿದ್ದರು.

"ನಂದು ಇವತ್ತ ಉಪಾಸ ಐತೆವ್ವಾ" ಎಂದು ಶೈಲಾ ಅವರೂ, "ನನಗ ಸಕ್ಕರಿ ಐತಿ, ಸಿಹಿ ಮುಟ್ಟಬ್ಯಾಡ ಅಂದಾರ ಡಾಕ್ಟರು" ಎಂದು ಪ್ರಥಮ ದರ್ಜೆ ಸಹಾಯಕ ಕಾಶಿನಾಥ ಅವರೂ ತಿಳಿಸಿರುತ್ತಾರೆ. ಐದು ನಿಮಿಷದೊಳಗೆ ಒಟ್ಟು ಎಂಟು ಜನರಿಗೆ ಸಕ್ಕರೆ ಕಾಯಿಲೆಯೂ ಮೂವರಿಗೆ ಉಪವಾಸವೂ ಪ್ರಾಪ್ತವಾದವು. ಚಾಲಕ ಅಪ್ಪಣ್ಣ ಮಾತ್ರ ಎರಡು ತಿಂದು, ಮೂರನೆಯದನ್ನು ಕೇಳಿ ಪಡೆದಿರುತ್ತಾರೆ.

ಅಂದೇ ಮಧ್ಯಾಹ್ನ ಮನಃಶಾಸ್ತ್ರದ ಉಪನ್ಯಾಸಕಿ ದೀಪಾ ಇವರಿಂದ ದೈನಂದಿನ ಪೂರ್ವಗ್ರಹ ಕುರಿತು ತರಬೇತಿ ಜರುಗಿತು. "ಯಾರೂ ಬೈಯೂದಿಲ್ರಿ. ಕೈ ಅಷ್ಟ ಹಿಂದ ಸರೀತೈತಿ. ಆಮ್ಯಾಲ ತಲಿ ಒಂದ ಕಾರಣ ಹುಡುಕತೈತಿ, ಅದನ್ನ ನಾವ ಖರೆ ಅಂತ ನಂಬತೇವಿ" ಎಂಬ ಮಾತಿಗೆ ಹನ್ನೊಂದು ಜನರೂ ಚಪ್ಪಾಳೆ ತಟ್ಟಿದರು. ಮೂರೂವರೆಗೆ ಕಾಶಿನಾಥ ಅವರು ಮಗಳ ನಿಶ್ಚಯದ ಸಿಹಿಯೆಂದು ಕರದಂಟು ಹಂಚಿದಾಗ ಎಲ್ಲರ ಕಾಯಿಲೆಯೂ ಗುಣವಾಗಿತ್ತು. ಕಾಶಿನಾಥ ಅವರೇ ಎರಡು ತುಂಡು ತಿಂದರು. ಆ ಹೊತ್ತಿನಲ್ಲಿ ನಂದಿನಿ ಅವರು ಒಂದೇ ಕಡತದ ಒಂದೇ ಪುಟವನ್ನು ಅರ್ಧ ತಾಸು ನೋಡುತ್ತ ಕುಳಿತಿದ್ದರೆಂದು ಅಪ್ಪಣ್ಣ ಹೇಳಿಕೆ ನೀಡಿರುತ್ತಾರೆ.

ಮರುದಿನ ಸದರಿ ನಂದಿನಿ, ಸೇವಾ ಪುಸ್ತಕಗಳು ತಮ್ಮ ಸುಪರ್ದಿಯಲ್ಲಿರುವುದರಿಂದ, ಎಂಟು ಜನರ ಪುಸ್ತಕದಲ್ಲಿ ಸಕ್ಕರೆ ಕಾಯಿಲೆಯನ್ನು ನಮೂದಿಸಿ, ಅವರನ್ನು ವೈದ್ಯಕೀಯ ತಪಾಸಣೆಗೆ ಕಳುಹಿಸಲು ಕಡತ ಮಂಡಿಸಿದರು. ಕಾರಣ ಕೇಳಲಾಗಿ, "ಅವರ ಹೇಳ್ಯಾರ್ರಿ ಸರ. ಹಿರೇರ ಮಾತ ಸುಳ್ಳ ಅನ್ನಾಕ ನಾ ಯಾರ್ರಿ?" ಎಂದು ಉತ್ತರಿಸಿರುತ್ತಾರೆ. ಕಡತ ಮಂಜೂರಾಗಿ, ಎಂಟೂ ಜನ ಖಾಲಿ ಹೊಟ್ಟೆಯಲ್ಲಿ ಸಾಲು ನಿಂತು ರಕ್ತ ಕೊಟ್ಟರು. ಯಾರಿಗೂ ಏನೂ ಇಲ್ಲವೆಂದು ವರದಿ ಬಂದಿದೆ.

ಆದ್ದರಿಂದ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕಾಯಿಲೆಯನ್ನು ಹೋಳಿಗೆ ಬರುವ ನಲವತ್ತೆಂಟು ಗಂಟೆ ಮುಂಚಿತವಾಗಿ ಲಿಖಿತದಲ್ಲಿ ಘೋಷಿಸತಕ್ಕದ್ದು.

2. ಬೆಳಿಗ್ಗೆ ಬಂದ ಕಾಯಿಲೆಯನ್ನು ಕನಿಷ್ಠ ಸಂಜೆ ಐದೂವರೆಯವರೆಗೆ ಉಳಿಸಿಕೊಳ್ಳತಕ್ಕದ್ದು.

3. ಉಪವಾಸಕ್ಕೆ ದೇವರ ಹೆಸರು ಕಡ್ಡಾಯ. ಹೆಸರು ಹೊಳೆಯದಿದ್ದಲ್ಲಿ ಮೇಲಧಿಕಾರಿಗಳು ಒಂದನ್ನು ಮಂಜೂರು ಮಾಡುವರು.

4. ಕೈ ಹಿಂದೆ ಸರಿದಲ್ಲಿ ಎಷ್ಟು ಅಂಗುಲವೆಂದು ಚಲನವಲನ ವಹಿಯಲ್ಲಿ ಬರೆಯುವುದು. ನಾಲ್ಕು ಅಂಗುಲದೊಳಗಿನದನ್ನು ಪೂರ್ವಗ್ರಹವೆಂದು ಪರಿಗಣಿಸಲಾಗುವುದಿಲ್ಲ.

5. ಸೇವಾ ಪುಸ್ತಕದ ನಮೂದನ್ನು ಹೊಡೆದುಹಾಕಲು ನಂದಿನಿ ಅವರಿಗೆ ಆದೇಶಿಸಲಾಗಿ, "ಹೊಡಿತೇನ್ರಿ. ಖರೆ ಕಾರಣ ಏನಂತ ಅವರ ಬರದ ಸಹಿ ಮಾಡಿ ಕೊಡ್ಲಿ" ಎಂದಿರುತ್ತಾರೆ. ನಿಯಮವೂ ಹಾಗೆಯೇ ಇದೆ. ಬರೆದುಕೊಡಲು ಈವರೆಗೆ ಒಬ್ಬರೂ ಮುಂದೆ ಬಂದಿಲ್ಲವಾದ್ದರಿಂದ, ಸದರಿ ಎಂಟು ಜನರನ್ನು ನಿವೃತ್ತಿಯವರೆಗೆ ರೋಗಿಗಳೆಂದೇ ಭಾವಿಸತಕ್ಕದ್ದು.

ಸಹಿ/-
ಕಚೇರಿ ಮುಖ್ಯಸ್ಥರು
(ಎಂಟರಲ್ಲಿ ಒಬ್ಬರು)

ಪ್ರತಿಗಳು:
1. ಮೂಡಲಗಿ ಹಾಗೂ ಹುಕ್ಕೇರಿ ಕಚೇರಿಗಳಿಗೆ, ತಮ್ಮಲ್ಲಿ ಇಂಥದ್ದೇನೂ ಇಲ್ಲವೆಂದು ಮರುಟಪಾಲಿನಲ್ಲಿ ದೃಢೀಕರಿಸಲು.
2. ಉಪನ್ಯಾಸಕಿ ದೀಪಾ ಅವರಿಗೆ, ತರಬೇತಿ ಯಶಸ್ವಿಯಾಗಿದೆ ಎಂಬ ಮಾಹಿತಿಗಾಗಿ.
3. ಕು. ನಂದಿನಿ ಅವರಿಗೆ, ಕಡತದಲ್ಲಿರಿಸಲು.