ರಜಾ ಚೀಟಿ ಬರೆದ ಕೈ

ಅಕ್ಷರ ಕೆಡುವುದಕ್ಕೆ ಕೆಟ್ಟ ಸಹವಾಸವೇನೂ ಬೇಕಾಗಿಲ್ಲ, ಪತ್ರಿಕಾ ಕಚೇರಿಯ ಕೆಲಸ ಸಾಕು. ಕುಣಿಗಲ್ಲಿನಲ್ಲಿ ಓದುವಾಗ ನನ್ನ ಇಂಗ್ಲಿಷ್ ಅಕ್ಷರ ದುಂಡಗೇ ಇತ್ತು. ನಾಲ್ಕು ಗೆರೆಯ ಕಾಪಿ ಪುಸ್ತಕದ ಮೇಲೆ ಬಾಗಿದ ನಮ್ಮ ತಲೆಗಳ ನಡುವೆ ಮೇಷ್ಟ್ರು ಓಡಾಡುತ್ತಾ, "ಪದ ಮುಗಿಯೋ ತನಕ ಕೈ ಎತ್ತಬೇಡ್ರೋ" ಎನ್ನುತ್ತಿದ್ದರು. ಬೆರಳಿಗೆ ಮೆತ್ತಿದ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮತ್ತೆ ಬರೆಯುತ್ತಿದ್ದೆವು. ಆಮೇಲೆ ತುಮಕೂರಿನಲ್ಲಿ ವರದಿಗಾರನಾದೆ. ಭಾಷಣದ ಹಿಂದೆ ಓಡುವವನ ಅಕ್ಷರ ಏನಾಗಬೇಕೋ ಅದೇ ಆಯಿತು. ನನ್ನ ಬರಹ ಓದಬಲ್ಲವರು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಗುಬ್ಬಿಯ ಬಷೀರ್ ಸಾಬರೊಬ್ಬರೇ. "ನೀವು ಬರ್ದಿದ್ದು ಎಲ್ ಓದ್ತೀನಿ ಸಾರ್? ಯಾವ ಸಭೆ ಅಂತ ಕೇಳ್ಕೊಂಡು ನಾನೇ ಜೋಡಿಸ್ಬುಡ್ತೀನಿ" ಎಂದು ಅವರೂ ಒಮ್ಮೆ ನಿಜ ಹೇಳಿಬಿಟ್ಟರು.

ತೊಂಬತ್ತರ ದಶಕದ ಕೊನೆಯಲ್ಲಿ ಮಗಳು ಸುಮಾ ನಾಲ್ಕನೇ ಕ್ಲಾಸಿನಲ್ಲಿದ್ದಳು. ಕೂಡಿಸಿ ಬರೆಯುವ ಕರ್ಸಿವ್ ಅಕ್ಷರ ಚೆನ್ನಾಗಿ ಬಂದವರಿಗೆ ಮಾತ್ರ ಅವಳ ಶಾಲೆಯಲ್ಲಿ ಪೆನ್ಸಿಲ್ ಬಿಟ್ಟು ಇಂಕ್ ಪೆನ್ ಹಿಡಿಯಲು ಅಪ್ಪಣೆ. ವರ್ಷವಿಡೀ ತಿದ್ದಿದ್ದಳು. ಅಪ್ಪಣೆ ಸಿಗಬೇಕಾದ ವಾರವೇ ಜ್ವರ ಬಂದು ಎರಡು ದಿನ ಮಲಗಿದಳು. ಮೂರನೆಯ ದಿನ ಆಫೀಸಿಗೆ ಹೊರಡುವ ಅವಸರದಲ್ಲಿ ನಾನು ರಜಾ ಚೀಟಿ ಗೀಚಿ ಕೊಟ್ಟೆ. ಸಂಜೆ ಅಳುತ್ತಾ ಬಂದಳು.

"ನಿಮ್ಮಪ್ಪ ಬರ್ದಿರೋದಲ್ಲ, ನೀನೇ ಎಡಗೈಲಿ ಗೀಚಿ ತಂದಿದೀಯ ಅಂತಾರೆ ಮಿಸ್ಸು. ಸುಳ್ಳು ಹೇಳೋರಿಗೆ ಪೆನ್ ಇಲ್ವಂತೆ!"

ಮರುದಿನ ಸುಮಾಳ ಜೊತೆ ಮಿಸ್ ಎದುರು ಹಾಜರಾದೆ. "ಬೇಜಾರ್ ಮಾಡ್ಕೋಬೇಡಿ ಸಾರ್, ಆ ಚೀಟೀನ ಇಲ್ಲೇ ಇನ್ನೊಂದ್ಸಲ ಬರ್ದ್ಬಿಡಿ" ಎಂದು ಮಕ್ಕಳ ಬೆಂಚು ತೋರಿಸಿದರು. ಮೊಣಕಾಲು ಮಡಚಿ ಕುಳಿತೆ. ಎದುರಿಗೆ ನಾಲ್ಕು ಗೆರೆಯ ಹಾಳೆ, ತಲೆಯ ಮೇಲೆ ಟೀಚರ್ ನೆರಳು. ಕೈಗೆ ಏನಾಯಿತೋ, ಕುಣಿಗಲ್ಲಿನ ಅಕ್ಷರ ಇಳಿದು ಬಂತು. ಒಂದು ಬಾಲವೂ ಗೆರೆ ದಾಟಲಿಲ್ಲ. ಕಳೆದುಹೋದ ಗೆಳೆಯನನ್ನು ಕಂಡಂತೆ ನಾನು ಅದನ್ನೇ ನೋಡುತ್ತಾ ಕುಳಿತೆ. ಮಿಸ್ ಆ ಹಾಳೆಯನ್ನೂ ಹಿಂದಿನ ದಿನದ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು, "ಇಷ್ಟು ಚೆನ್ನಾಗಿ ಬರೆಯೋರು ಅದನ್ನ ಬರೀತಾರಾ ಸಾರ್? ಮಗಳನ್ನ ಬಚಾವ್ ಮಾಡೋಕ್ ಬಂದಿದೀರ" ಎಂದರು.

ಸುಮಾಳ ಕಣ್ಣು ತುಂಬಿತು. "ಅಪ್ಪಾ, ಆಫೀಸಲ್ಲಿ ಬರೆಯೋ ಥರ ಬರಿಯಪ್ಪಾ!"

"ಮೇಡಂ, ಕರ್ಸಿವ್ ಯಾಕೆ ಬೇಕು ಅಂತ ಇಂಗ್ಲಿಷಲ್ಲಿ ಎರಡು ನಿಮಿಷ ಮಾತಾಡಿ, ನಾನು ಬರ್ಕೋತೀನಿ" ಎಂದೆ. ಅವರು ಉತ್ಸಾಹದಿಂದ ಐದು ನಿಮಿಷ ಮಾತಾಡಿದರು. ಆಮೇಲೆ ನಾನು ಬರೆದುಕೊಂಡ ಹಾಳೆಯನ್ನು ಚೀಟಿಯ ಪಕ್ಕ ಹಿಡಿದು ನೋಡಿದರು. ಮಗಳ ತಲೆ ಸವರಿ, "ಸಾರಿ ಪುಟ್ಟಾ. ಪಾಪ, ನಿಮ್ಮಪ್ಪಂದೇ ಕಣೇ" ಎಂದು ಪೆನ್ನಿಗೆ ಅಪ್ಪಣೆ ಕೊಟ್ಟರು.

ಅಂದಿನಿಂದ ನಮ್ಮ ಮನೆಯ ರಜಾ ಚೀಟಿಗಳನ್ನು ಸುಮಾಳೇ ಆ ಪೆನ್ನಿನಲ್ಲಿ ಮುತ್ತು ಪೋಣಿಸಿದಂತೆ ಬರೆದಳು. ನಾನು ಮನೆಯಲ್ಲಿಲ್ಲದ ದಿನ ನನ್ನ ಸಹಿಯನ್ನೂ ಹಾಕಿಕೊಂಡಳು. ಯಾರಿಗೂ ಅನುಮಾನ ಬರಲಿಲ್ಲ. ವರ್ಷದ ಕೊನೆಗೆ ಮಿಸ್ ಒಂದು ಚೀಟಿ ನೋಡಿ ಸುಮಾಳಿಗೆ ಹೇಳಿದರಂತೆ, "ನಿಮ್ಮಪ್ಪ ಈಗ ಎಷ್ಟೋ ಪರ್ವಾಗಿಲ್ಲ."